ಮಡಿಲಿನಿಂದ ಸೀಟಿಗೆ

ಮದುವೆಗೋ ಉರೂಸಿಗೋ ಹೊರಟ ಕಾರುಗಳನ್ನು ನಾವೆಲ್ಲ ನೋಡಿದ್ದೇವೆ. ಮುಂದಿನ ಸೀಟಿನಲ್ಲಿ ತಾಯಿ, ಆಕೆಯ ಮಡಿಲಲ್ಲಿ ಕೂಸು. ಮಗುವಿಗೆ ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂಬುದು ನಮ್ಮ ನಂಬಿಕೆ. ಇದೇ ನಂಬಿಕೆ ಒಮ್ಮೆ ಅಮೆರಿಕದ ಒಂದು ರಾಜ್ಯದಲ್ಲಿ ಕಾನೂನಿನೊಳಗೇ ಸೇರಿಕೊಂಡಿತ್ತು. ಅದನ್ನು ಅಲ್ಲಿಂದ ತೆಗೆಸಲು ಒಬ್ಬ ಮಕ್ಕಳ ವೈದ್ಯರು ಹೋರಾಡಬೇಕಾಯಿತು.

ಕಾರಿನಲ್ಲಿ ಮಕ್ಕಳಿಗೆ ಬೇರೆ ಸೀಟು 1930ರ ದಶಕದಲ್ಲೇ ಬಂದಿತ್ತು. ಆದರೆ ಅದರ ಉದ್ದೇಶ ರಕ್ಷಣೆಯಲ್ಲ. ಮಗು ಒಂದೆಡೆ ಕುಳಿತಿರಬೇಕು, ಹೆತ್ತವರ ಕಣ್ಣಿಗೆ ಕಾಣುವಷ್ಟು ಎತ್ತರದಲ್ಲಿರಬೇಕು, ಅಷ್ಟೆ. ಅಪಘಾತವನ್ನು ಮನಸ್ಸಿನಲ್ಲಿಟ್ಟುಕೊಂಡು ಸೀಟು ಮಾಡಿದ್ದು 1960ರ ದಶಕದಲ್ಲಿ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಗಗನಯಾತ್ರಿಗಳ ಆಸನದಿಂದ ಸ್ಫೂರ್ತಿ ಪಡೆದು, ಮಗುವನ್ನು ಹಿಂಮುಖವಾಗಿ ಕೂರಿಸುವ ಸೀಟು ರೂಪಿಸಿದರು. ಎಳೆಮಗುವಿನ ತಲೆ ಭಾರ, ಕುತ್ತಿಗೆ ಮೆದು. ಹಿಂಮುಖವಾಗಿ ಕೂತರೆ ಎದುರಿನ ಡಿಕ್ಕಿಯ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. 1971ರಲ್ಲಿ ಅಮೆರಿಕ ಇಂಥ ಸೀಟುಗಳಿಗೆ ಮಾನದಂಡ ತಂದಿತು. ಅದು ತಯಾರಕರಿಗೆ ಮಾತ್ರ. ಕೊಂಡು ಬಳಸಲೇಬೇಕೆಂದು ಯಾವ ರಾಜ್ಯವೂ ಹೇಳಿರಲಿಲ್ಲ.

ಹಾಗೆ ಹೇಳಿಸಿದವರು ಟೆನೆಸ್ಸಿ ರಾಜ್ಯದ ಡಾ. ರಾಬರ್ಟ್ ಸ್ಯಾಂಡರ್ಸ್. ಮಕ್ಕಳ ವೈದ್ಯರಾಗಿದ್ದ ಅವರು ರದರ್‌ಫೋರ್ಡ್ ಕೌಂಟಿಯ ಆರೋಗ್ಯಾಧಿಕಾರಿಯೂ ಆಗಿದ್ದರು. ಲಸಿಕೆ ಹಾಕಿ ರೋಗ ತಡೆಯುವ ನಾವು ಅಪಘಾತದ ಸಾವನ್ನೇಕೆ ತಡೆಯಬಾರದು ಎಂಬುದು ಅವರ ವಾದದ ತಿರುಳು. ಅವರೂ ಪತ್ನಿ ಪ್ಯಾಟ್ ಅವರೂ ಶಾಸಕರನ್ನು ಒಬ್ಬೊಬ್ಬರಾಗಿ ಒಪ್ಪಿಸುತ್ತಾ ಹೋದರು. 1976ರಲ್ಲಿ ಮಸೂದೆ ಬಿದ್ದುಹೋಯಿತು. 1977ರಲ್ಲಿ ಗೆದ್ದಿತು. 1978ರ ಜನವರಿ 1ರಿಂದ, ನಾಲ್ಕು ವರ್ಷದೊಳಗಿನ ಮಕ್ಕಳನ್ನು ಸೀಟಿನಲ್ಲಿ ಕೂರಿಸುವುದು ಹೆತ್ತವರ ಹೊಣೆಯಾಯಿತು. ಅಮೆರಿಕದಲ್ಲಿ ಇಂಥ ಕಾನೂನು ಇದೇ ಮೊದಲು.

ಆದರೆ ಶಾಸಕರು ಅದರಲ್ಲೊಂದು ವಿನಾಯಿತಿ ಸೇರಿಸಿದ್ದರು. ದೊಡ್ಡವರು ಎತ್ತಿಕೊಂಡಿದ್ದರೆ ಮಗುವಿಗೆ ಸೀಟು ಬೇಡ! ಸ್ಯಾಂಡರ್ಸ್ ಅದನ್ನು ಮಗುವನ್ನು ಅಪ್ಪಚ್ಚಿ ಮಾಡುವ ತಿದ್ದುಪಡಿ ಎಂದೇ ಕರೆದರು. ಅವರ ಸಿಟ್ಟಿಗೆ ಕಾರಣವಿತ್ತು. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಹತ್ತು ಕಿಲೋ ತೂಕದ ಮಗು ಆ ಗಳಿಗೆಯಲ್ಲಿ ತಾಯಿಯ ತೋಳುಗಳಿಗೆ ಸುಮಾರು 140 ಕಿಲೋ ಭಾರವಾಗುತ್ತದೆ. ಯಾವ ತಾಯಿ ಹಿಡಿದಿಟ್ಟುಕೊಂಡಾಳು? ತಾಯಿಯೂ ಬೆಲ್ಟ್ ಹಾಕಿರದಿದ್ದರೆ ಆಕೆಯ ದೇಹವೇ ಮಗುವನ್ನು ಜಜ್ಜುತ್ತದೆ. 1981ರಲ್ಲಿ ಆ ವಿನಾಯಿತಿ ರದ್ದಾಯಿತು. 1985ರ ಹೊತ್ತಿಗೆ ಅಮೆರಿಕದ ಐವತ್ತೂ ರಾಜ್ಯಗಳು ಇಂಥ ಕಾನೂನು ತಂದಿದ್ದವು. ಸ್ಯಾಂಡರ್ಸ್ 2006ರಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ ಈ ಮಾತು ಕಾನೂನಾಗಿ ಬಂದದ್ದು 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ. ದಂಡ ತೆರಬೇಕಾದವರು ಕಾರು ಓಡಿಸಿದವರು, ಇಲ್ಲವೇ ಓಡಿಸಲು ಬಿಟ್ಟವರು. ಬೈಕಿನಲ್ಲಿ ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಸವಾರನಿಗೆ ಕಟ್ಟುವ ಪಟ್ಟಿ, 40 ಕಿಲೋಮೀಟರ್ ವೇಗದ ಮಿತಿ ಎಂಬ ನಿಯಮ 2022ರಲ್ಲಿ ಪ್ರಕಟವಾಯಿತು.

ಸೀಟು ದುಬಾರಿ ಎನ್ನುತ್ತೇವೆ. ಅನೇಕ ಮನೆಗಳಿಗೆ ಅದು ನಿಜವೂ ಹೌದು. ಆದರೆ ಮದುವೆಯಲ್ಲಿ ಕಾರನ್ನು ಹೂವಿನಿಂದ ಮುಚ್ಚುವವರು ನಾವೇ. ಇನ್ನು, ಮಗುವನ್ನು ಮುಂದಿನ ಸೀಟಿನ ಮಡಿಲಿನಿಂದ ಹಿಂದಕ್ಕೆ ಕಳಿಸಲು, ವೇಗ ತಗ್ಗಿಸಲು ದುಡ್ಡೇನೂ ಬೇಕಿಲ್ಲ.

ಮಕ್ಕಳು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಒಂಟೆಯನ್ನು ಕಟ್ಟದೆ ದೇವರ ಮೇಲೆ ಭಾರ ಹಾಕಲು ಹೊರಟವನಿಗೆ ಪ್ರವಾದಿಯವರು(ಸ) ಹೇಳಿದ ಬುದ್ಧಿಮಾತನ್ನೂ ನಾವು ಬಾಲ್ಯದಿಂದ ಕೇಳಿದ್ದೇವೆ. ಬಿಸ್ಮಿಲ್ಲಾ ಹೇಳಿ ಕೀಲಿ ತಿರುಗಿಸುವವರು ಮೊದಲೊಮ್ಮೆ ಹಿಂದಿರುಗಿ ನೋಡಲಿ. ಮಗುವಿಗೆ ಬೆಲ್ಟ್ ಬಿದ್ದಿದೆಯೇ?