ವಾಲುಕಾಪರೀಕ್ಷೆ

ಚಿನ್ನವನ್ನು ಕೊಳ್ಳುವವನು ಅದನ್ನು ಒರೆಗಲ್ಲಿಗೆ ತಿಕ್ಕಿ ನೋಡದೆ ಕೊಳ್ಳನು. ಅದೇ ಗೃಹಸ್ಥನು ಮನೆಯನ್ನು ಕಟ್ಟಿಸುವಾಗ ಮರಳಿನ ಹೊರೆಗಳನ್ನು ಎಣಿಸುವನೇ ಹೊರತು ಅದರ ಗುಣವನ್ನು ವಿಚಾರಿಸನು. ಗಾರೆಯಲ್ಲಿ ಸುಣ್ಣಕ್ಕಿಂತಲೂ ಸಿಮೆಂಟಿಗಿಂತಲೂ ಹೆಚ್ಚಿನ ಪಾಲು ಮರಳೇ ಆಗಿರುವುದರಿಂದ ಈ ಅನಾದರವು ಯುಕ್ತವಲ್ಲ. ಪ್ರಾಚೀನರು ಮರಳಿಗೂ ಒಂದು ಒರೆಗಲ್ಲನ್ನು ಕಲ್ಪಿಸಿದ್ದರು.

ಕ್ರಿ. ಪೂ. ಮೊದಲನೆಯ ಶತಮಾನದಲ್ಲಿ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ಚಕ್ರವರ್ತಿ ಅಗಸ್ಟಸನಿಗೆ ಅರ್ಪಿಸಿದ ವಾಸ್ತುಗ್ರಂಥವು 10 ಪುಸ್ತಕಗಳುಳ್ಳದ್ದು. ಅದರ ಎರಡನೆಯ ಪುಸ್ತಕದಲ್ಲಿ ಮರಳಿಗಾಗಿಯೇ ಒಂದು ಅಧ್ಯಾಯವುಂಟು. ಅವನು ಹೇಳುವ ಪರೀಕ್ಷೆಗಳು ಎರಡು. ಮರಳನ್ನು ಕೈಯಲ್ಲಿ ಹಿಡಿದು ಉಜ್ಜಿದಾಗ ಕರಕರನೆ ಸದ್ದಾದರೆ ಅದು ಉತ್ತಮವಾದುದು. ಮಣ್ಣು ಬೆರೆತುದರಲ್ಲಿ ಆ ಒರಟುತನವಿರದು. ಬಿಳಿಯ ವಸ್ತ್ರದ ಮೇಲೆ ಚೆಲ್ಲಿ ಕೊಡಹಿದಾಗ ವಸ್ತ್ರಕ್ಕೆ ಕಲೆ ಹತ್ತದೆ, ಮಣ್ಣು ಅಂಟದೆ ಇದ್ದರೆ ಅದು ಯೋಗ್ಯವಾದುದು. ಇದರ ಕಾರಣವು ಸುಲಭವಾಗಿ ತಿಳಿಯುವಂತಹುದು. ಜೇಡಿಯು ಮರಳಿನ ಕಣವನ್ನು ಕವಿದುಕೊಂಡರೆ ಸುಣ್ಣವು ಕಣವನ್ನು ಹಿಡಿಯಲಾರದು.

ಕಡಲ ಮರಳನ್ನು ಅವನು ಕೊನೆಯ ಗತಿಯೆಂದು ಎಣಿಸಿದನು. ಅದು ಬೇಗನೆ ಒಣಗದು. ಮೇಲಾಗಿ, ಅದರಿಂದ ಕಟ್ಟಿದ ಗೋಡೆಯು ಉಪ್ಪನ್ನು ಕಾರಿ ಗಿಲಾವನ್ನು ಕೆಡಿಸುವುದು. ಆ ಕಾಲದ ಗೋಡೆಗಳೊಳಗೆ ಇಂದಿನಂತೆ ಉಕ್ಕಿನ ಸರಳುಗಳಿರಲಿಲ್ಲ. ಆದುದರಿಂದ ಹಾನಿಯು ಬಹುಮಟ್ಟಿಗೆ ಗಿಲಾವಿನಲ್ಲಿಯೇ ನಿಲ್ಲುತ್ತಿತ್ತು. ಇಂದು ಅದೇ ಉಪ್ಪು ಕಾಂಕ್ರೀಟಿನೊಳಗಿನ ಸರಳನ್ನು ಕಾಯುವ ತೆಳುವಾದ ಪೊರೆಯನ್ನು ಭೇದಿಸುವುದು. ಸರಳಿಗೆ ತುಕ್ಕು ಹಿಡಿಯುವುದು. ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಳಗಿನಿಂದ ಸೀಳುವುದು. ಹೀಗೆ ಹಳೆಯ ನಿಷೇಧವು ಹೊಸ ಕಾರಣದಿಂದ ಮತ್ತಷ್ಟು ಬಲವಾಯಿತು.

ಇದನ್ನು ಮರೆತವರ ಕಥೆಯು ದಾರುಣವಾದುದು. 1999ನೆಯ ಆಗಸ್ಟ್ 17ರಂದು ತುರ್ಕಿಯ ಇಜ್ಮಿತ್ ಪ್ರಾಂತದಲ್ಲಿ ಭೂಕಂಪವಾಗಿ, ಸರ್ಕಾರದ ಲೆಕ್ಕದಂತೆಯೇ 17,000ಕ್ಕೂ ಮಿಕ್ಕ ಜನರು ಮಡಿದರು. ಕುಸಿದ ಕೆಲವು ಕಟ್ಟಡಗಳ ಕಾಂಕ್ರೀಟಿನಲ್ಲಿ ಕಡಲ ಚಿಪ್ಪುಗಳು ಕಂಡುಬಂದುವು. ಆ ಅನರ್ಥಕ್ಕೆ ಬೇರೆ ಕಾರಣಗಳೂ ಇದ್ದುವು. ಆದರೆ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟ ಎಚ್ಚರಿಕೆಯನ್ನು ಕಡೆಗಣಿಸಿದುದಕ್ಕೆ ಆ ಚಿಪ್ಪುಗಳೇ ಸಾಕ್ಷಿಯಾದುವು.

ಕೈಯ ಪರೀಕ್ಷೆಗೂ ಮಿತಿಯುಂಟು. ಬಿಳಿಯ ವಸ್ತ್ರವು ಮಣ್ಣನ್ನು ತೋರಿಸುವುದು, ಉಪ್ಪನ್ನು ತೋರಿಸದು. ಕೊಳೆತ ಎಲೆಬೇರುಗಳ ಸಾರವು ಸಿಮೆಂಟು ಗಟ್ಟಿಯಾಗುವುದನ್ನು ತಡೆಯುವುದು. ಅದನ್ನು ಕಂಡುಹಿಡಿಯಲು ಅಮೆರಿಕದ ಏಬ್ರಮ್ಸ್ ಮತ್ತು ಹಾರ್ಡರ್ ಎಂಬವರು 1917ರಲ್ಲಿ ವರ್ಣಪರೀಕ್ಷೆಯೊಂದನ್ನು ಪ್ರಕಟಿಸಿದರು. ಶೇಕಡಾ 3ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಮರಳನ್ನು 24 ಗಂಟೆಗಳ ಕಾಲ ಇಟ್ಟಾಗ, ಮೇಲಿನ ದ್ರವವು ಗೊತ್ತಾದ ಬಣ್ಣಕ್ಕಿಂತ ಕಪ್ಪಾದರೆ ಆ ಮರಳನ್ನು ಸಂಶಯಿಸಬೇಕು. ಭಾರತೀಯ ಮಾನಕ 383ರ 2016ರ ಆವೃತ್ತಿಯು ಸ್ವಾಭಾವಿಕವಾದ ಮರಳಿನಲ್ಲಿ 75 ಮೈಕ್ರಾನಿಗಿಂತ ನುಣುಪಾದ ಧೂಳು ತೂಕದಲ್ಲಿ ಶೇಕಡಾ 3ನ್ನು ಮೀರಬಾರದೆಂದು ವಿಧಿಸಿತು.

ಪ್ರಯೋಗಶಾಲೆಯು ಎಲ್ಲರಿಗೂ ಹತ್ತಿರವಲ್ಲ. ಆದರೂ ಅಂಗೈ, ಬಿಳಿಯ ಬಟ್ಟೆ ಮತ್ತು ಗಾಜಿನ ಲೋಟ ಎಲ್ಲ ಮನೆಗಳಲ್ಲಿಯೂ ಉಂಟು. ಲೋಟದ ನೀರಿನಲ್ಲಿ ಮರಳನ್ನು ಕದಡಿ ಕೆಲವು ಗಂಟೆ ನಿಲ್ಲಿಸಿದರೆ ಮಣ್ಣು ಮೇಲ್ಪದರವಾಗಿ ಬೇರೆಯಾಗುವುದು. ಇವುಗಳಿಗೆ ತಿಳಿಯದ ಉಪ್ಪಿನ ವಿಷಯದಲ್ಲಿ, ಮರಳು ಎಲ್ಲಿಂದ ಬಂದಿತೆಂದು ಕೇಳಿ ತಿಳಿಯುವುದು ಮೊದಲ ಪರೀಕ್ಷೆ. ಗೋಡೆಯು ಎದ್ದ ಮೇಲೆ ಈ ಪ್ರಶ್ನೆಯಿಂದ ಪ್ರಯೋಜನವಿಲ್ಲ. ಹೊರೆಯನ್ನು ಇಳಿಸುವ ಮುನ್ನವೇ ಕೇಳತಕ್ಕದ್ದು.