ಛಾಯಾಚಿತ್ರಕ್ಕೆ ಬಣ್ಣದ ಛಾಯೆ: ಒಂದಿಷ್ಟು ಇತಿಹಾಸ, ಒಂದಿಷ್ಟು ಪಶ್ಚಾತ್ತಾಪ



ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ ನಿಂತು "ಆಧಾರವಿಲ್ಲದೆ ಇತಿಹಾಸವಿಲ್ಲ" ಎಂದು ಬೋಧಿಸಿದವನು ನಾನು. ನಿವೃತ್ತನಾದ ಮೇಲೆ ನಾನೇ ಆ ಪಾಠವನ್ನು ಮರೆತೆ. ಹೇಗೆ ಮರೆತೆ ಎಂಬುದನ್ನು ಹೇಳುವ ಮೊದಲು, ವಾಡಿಕೆಯಂತೆ ಸ್ವಲ್ಪ ಹಿನ್ನೆಲೆ.

ನಮ್ಮ ತಾಯಿಯವರ ಒಂದೇ ಒಂದು ಛಾಯಾಚಿತ್ರ ಉಳಿದಿದೆ. 1964ರಲ್ಲಿ ಬಂಟ್ವಾಳ ಪೇಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಮ್ಮ ಕುರ್ಚಿಯಲ್ಲಿ ಕುಳಿತಿದ್ದಾರೆ, ಮಡಿಲಲ್ಲಿ ಮೂರು ವರ್ಷದ ನಾನು, ಪಕ್ಕದಲ್ಲಿ ಏಳು ವರ್ಷದ ಅಕ್ಕ. 1968ರಲ್ಲಿ ಅಮ್ಮ ತೀರಿಕೊಂಡರು. 1974ರಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ತಗ್ಗು ಪ್ರದೇಶಗಳೆಲ್ಲ ಮುಳುಗಿದಾಗ, ಅಮ್ಮನ ಸೀರೆಗಳನ್ನೂ ಮನೆಯ ಪಟಗಳನ್ನೂ ಇರಿಸಿದ್ದ ಟ್ರಂಕು ನೀರು ಪಾಲಾಯಿತು. ಮೂಡುಬಿದಿರೆಯ ಚಿಕ್ಕಮ್ಮನ ಬಳಿ ಒಂದು ಪ್ರತಿ ಇದ್ದುದರಿಂದ ನಮಗೆ ಅಮ್ಮನ ಮುಖ ಉಳಿಯಿತು. ನನ್ನ ನೆನಪಿನಲ್ಲಿ ಇರುವುದು ಅಮ್ಮನ ಧ್ವನಿ ಮಾತ್ರ. ಮುಖವೆಂದರೆ ಆ ಚಿತ್ರವೇ.

ಮೊಮ್ಮಗ ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಟ್ಟ. 'ಗಿಂಪ್' ಎಂಬ ಉಚಿತ ತಂತ್ರಾಂಶವನ್ನು ಬಳಸಲು ಕಲಿಸಿದ. ಬೂಸ್ಟಿನ ಕಲೆಗಳನ್ನು ಒಂದೊಂದಾಗಿ ಅಳಿಸುವುದರಲ್ಲಿ ಒಂದು ಮಳೆಗಾಲ ಕಳೆಯಿತು. ಆಮೇಲೆ ಹತ್ತಿದ್ದು ಬಣ್ಣದ ಹುಚ್ಚು.

ಈ ಹುಚ್ಚು ಕಂಪ್ಯೂಟರಿಗಿಂತ ಬಹಳ ಹಳೆಯದು. ಕಪ್ಪು-ಬಿಳುಪು ಚಿತ್ರದ ಕಪ್ಪು ಎಂದರೆ ಕಾಗದದ ಮೇಲಿನ ಜೆಲಟಿನ್ ಪದರದಲ್ಲಿರುವ ಬೆಳ್ಳಿಯ ಸೂಕ್ಷ್ಮ ಕಣಗಳು. ಆ ಬೆಳ್ಳಿಯನ್ನು ಬೇರೆ ಸಂಯುಕ್ತವಾಗಿ ಮಾರ್ಪಡಿಸಿದರೆ ಬಣ್ಣವೂ ಬದಲಾಗುತ್ತದೆ. ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಬ್ರೋಮೈಡ್ ದ್ರಾವಣದಲ್ಲಿ ಚಿತ್ರವನ್ನು ಮಸುಕಾಗಿಸಿ, ಬಳಿಕ ಸೋಡಿಯಂ ಸಲ್ಫೈಡಿನಲ್ಲಿ ಅದ್ದಿದರೆ ಬೆಳ್ಳಿಯು ಸಿಲ್ವರ್ ಸಲ್ಫೈಡ್ ಆಗಿ ಕಂದುಬಣ್ಣ ತಳೆಯುತ್ತದೆ. ಕತ್ತಲೆ ಕೋಣೆಯೆಲ್ಲ ಕೊಳೆತ ಮೊಟ್ಟೆಯ ನಾತ! ಈ ಕಂದು ಛಾಯೆಗೆ 'ಸೆಪಿಯಾ' ಎಂದು ಹೆಸರು. ಮೂಲತಃ ಅದು ನಮ್ಮ ಕರಾವಳಿಯ ಬೊಂಡಾಸಿನ ಬಳಗಕ್ಕೆ ಸೇರಿದ ಒಂದು ಕಡಲಜೀವಿಯ ಹೆಸರು. ಅದು ಉಗುಳುವ ಮಸಿಯಿಂದ ಹಿಂದೆ ಚಿತ್ರಕಾರರು ಕಂದು ಶಾಯಿ ಮಾಡುತ್ತಿದ್ದರು. ಛಾಯಾಚಿತ್ರಕ್ಕೆ ಬಂದದ್ದು ಆ ಬಣ್ಣದ ಹೆಸರು ಮಾತ್ರ.

ಇದನ್ನು ಕೇವಲ ಚೆಂದಕ್ಕಾಗಿ ಮಾಡುತ್ತಿರಲಿಲ್ಲ ಎಂಬುದು ಗಮನಾರ್ಹ. ಬರಿಯ ಬೆಳ್ಳಿಗಿಂತ ಸಿಲ್ವರ್ ಸಲ್ಫೈಡ್ ಗಾಳಿ ಮತ್ತು ತೇವವನ್ನು ಹೆಚ್ಚು ತಡೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊಟ್ಟೆಯ ಬಿಳಿಭಾಗ ಲೇಪಿಸಿದ ಕಾಗದದ ಚಿತ್ರಗಳಿಗೆ ಚಿನ್ನದ ಲವಣದಿಂದ ಛಾಯೆ ಕೊಡುತ್ತಿದ್ದುದಕ್ಕೂ ಬಾಳಿಕೆ ಒಂದು ಕಾರಣ. ಕಬ್ಬಿಣದ ಲವಣ ಬಳಸಿದರೆ ನೀಲಿ ಛಾಯೆ. 1842ರಲ್ಲಿ ಜಾನ್ ಹರ್ಷೆಲ್ ರೂಪಿಸಿದ, ಮುಂದೆ ಎಂಜಿನಿಯರುಗಳ ನೀಲನಕ್ಷೆಗೆ ದಾರಿಯಾದ 'ಸಯನೋಟೈಪ್' ವಿಧಾನದ್ದೂ ಇದೇ ನೀಲಿ.

ಇನ್ನೊಂದು ದಾರಿ ಕುಂಚದ್ದು. ನಮ್ಮ ದೇಶದ ಸ್ಟುಡಿಯೋಗಳಲ್ಲಿ ಕಪ್ಪು-ಬಿಳುಪು ಚಿತ್ರಗಳ ಮೇಲೆ ಕೈಯಿಂದಲೇ ಬಣ್ಣ ತುಂಬುವ ಕಲಾವಿದರಿದ್ದರು. ಒಡವೆಗೆ ಹಳದಿ, ಕೆನ್ನೆಗೆ ನಸುಗೆಂಪು. ಹಿರಿಯರ ಮನೆಗಳ ಗೋಡೆಗಳಲ್ಲಿ ಅಂಥ ಪಟಗಳನ್ನು ನೀವೂ ನೋಡಿರುತ್ತೀರಿ.

ಗಣಕಯಂತ್ರ ಬಂದ ಮೇಲೆ ನಾತವೂ ಇಲ್ಲ, ಕುಂಚವೂ ಇಲ್ಲ. ಸಾಮಾನ್ಯ ಡಿಜಿಟಲ್ ಚಿತ್ರದ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳು. ಒಂದೊಂದೂ 0ಯಿಂದ 255ರವರೆಗೆ. ಮೂರೂ 128 ಆಗಿದ್ದರೆ ಅದು ನಡುಬೂದು. ಕೆಂಪನ್ನು ತುಸು ಏರಿಸಿ ನೀಲಿಯನ್ನು ಇಳಿಸಿದರೆ ಸೆಪಿಯಾ. ನೆರಳಿಗೆ ನೀಲಿಯನ್ನೂ ಬೆಳಕಿಗೆ ನಸುಹಳದಿಯನ್ನೂ ಕೊಟ್ಟರೆ ಸಂಜೆಗತ್ತಲಿನ ಅನುಭವ. ಹೀಗೆ ನೆರಳು-ಬೆಳಕುಗಳಿಗೆ ಬೇರೆ ಬೇರೆ ಛಾಯೆ ಕೊಡುವುದನ್ನು 'ಸ್ಪ್ಲಿಟ್ ಟೋನಿಂಗ್' ಎನ್ನುತ್ತಾರೆ. ನಾನು ಒಂದೇ ರಾತ್ರಿಯಲ್ಲಿ ಅಮ್ಮನ ಇಪ್ಪತ್ತು ಪ್ರತಿ ಮಾಡಿದೆ. ಒಂದರಲ್ಲಿ ಅಮ್ಮ ಮುಂಜಾನೆಯಲ್ಲಿ ಕುಳಿತಂತೆ, ಇನ್ನೊಂದರಲ್ಲಿ ದೀಪದ ಎದುರು ಕುಳಿತಂತೆ. ಕಂದು ಛಾಯೆ ಕೊಟ್ಟಾಗ ಅಮ್ಮ ಇದ್ದಕ್ಕಿದ್ದಂತೆ ಇನ್ನೂ ಐವತ್ತು ವರ್ಷ ಹಿಂದಕ್ಕೆ ಸರಿದುಬಿಟ್ಟರು. ಅಲ್ಲಿಗೇ ನಾನು ಎಚ್ಚರಗೊಳ್ಳಬೇಕಿತ್ತು.

ಆದರೆ ನಮ್ಮವರು 'ಸತ್ಯ ಹರಿಶ್ಚಂದ್ರ'ವನ್ನೇ ವರ್ಣಮಯಗೊಳಿಸಿದ್ದಾರಲ್ಲ ಎಂಬ ಸಮಾಧಾನ ನನಗಿತ್ತು. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ ಡಾ. ರಾಜಕುಮಾರ್ ಅಭಿನಯಿಸಿದ 1965ರ ಆ ಕಪ್ಪು-ಬಿಳುಪು ಚಿತ್ರ, ಡಿಜಿಟಲ್ ತಂತ್ರದಿಂದ ಬಣ್ಣ ಪಡೆದು 2008ರ ಏಪ್ರಿಲ್‌ನಲ್ಲಿ ಮತ್ತೆ ಬಿಡುಗಡೆಯಾಯಿತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಅದೇ ರೀತಿ ಬಂದಿತು. ಹಾಗಾದರೆ ಅಮ್ಮನಿಗೇಕೆ ಬಣ್ಣ ಬೇಡ? ಮೈಬಣ್ಣವನ್ನು ಅಕ್ಕನ ಮಕ್ಕಳನ್ನು ನೋಡಿ ಅಂದಾಜಿಸಿದೆ. ಸೀರೆಗೆ ಕುಂಕುಮಗೆಂಪು ಹಚ್ಚಿದೆ. ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿದೆ. ಎಲ್ಲರೂ ಕೈಮುಗಿದರು. ಬೆಳ್ತಂಗಡಿಯ ಸೊಸೆ, ಎಂದರೆ ಅಕ್ಕನ ಮಗಳು, ಅದನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಿ, ಹೊಸ ಮನೆಯ ಒಕ್ಕಲಿನ ದಿನ ಚಾವಡಿಯಲ್ಲಿ ತೂಗುಹಾಕಿದಳು.

ಅಂದು ಅಕ್ಕ ಪಟದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನನ್ನು ಬದಿಗೆ ಕರೆದು ಹೇಳಿದಳು: "ಅಮ್ಮನಿಗೆ ಈ ಬಣ್ಣದ ಸೀರೆಯೇ ಇರಲಿಲ್ಲ ಮಾರಾಯ. ಅದು ಹಸಿರು. ನಾನು ಅದರ ಸೆರಗು ಹಿಡಿದುಕೊಂಡು ನಿಂತವಳು, ನನಗೆ ಗೊತ್ತಿಲ್ಲವಾ? ಇದನ್ನು ನೋಡಿದರೆ ಬೇರೆ ಯಾರೋ ಅಂತ ಅನ್ನಿಸ್ತದೆ."

ನನಗೆ ಊಟ ಸೇರಲಿಲ್ಲ. ಮರುವಾರವೇ ಮೂಡುಬಿದಿರೆಗೆ ಹೋಗಿ, ಎಂಬತ್ತು ದಾಟಿದ ಚಿಕ್ಕಮ್ಮನನ್ನು ವಿಚಾರಿಸಿದೆ. ಅವರು ನಕ್ಕುಬಿಟ್ಟರು. "ಅದು ಅಕ್ಕನ ಸೀರೆಯೇ ಅಲ್ಲ ಮಗಾ, ನನ್ನದು. ಫೋಟೋಕ್ಕೆ ಅಂತ ಕೇಳಿ ಉಟ್ಟದ್ದು. ಕನಕಾಂಬರ ಬಣ್ಣ." ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು, ಎರಡು ಬಣ್ಣ! ಸೀರೆಯೋ 1974ರ ಬೊಳ್ಳದಲ್ಲಿ ಹೋಯಿತೋ, ಅದಕ್ಕೂ ಮೊದಲೇ ಹರಿಯಿತೋ. ಚಿತ್ರವಂತೂ ಉತ್ತರ ಕೊಡದು. ಕಪ್ಪು-ಬಿಳುಪು ಫಿಲ್ಮು ದಾಖಲಿಸುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಒಂದು ಹಸಿರೂ ಒಂದು ಕನಕಾಂಬರವೂ ಅದರಲ್ಲಿ ಒಂದೇ ಬೂದು ಆಗಿ ಮೂಡಬಹುದು.

ಮರಳುವ ಮುನ್ನ ಸಾವಿರ ಕಂಬದ ಬಸದಿಯ ಮೆಟ್ಟಿಲಿನಲ್ಲಿ ಸ್ವಲ್ಪ ಹೊತ್ತು ಕುಳಿತೆ. ಮೂಡುಬಿದಿರೆಯಲ್ಲಿ ಕಾಪಾಡಿಕೊಂಡು ಬಂದಿರುವ ಧವಲಾದಿ ಸಿದ್ಧಾಂತ ಗ್ರಂಥಗಳ ತಾಳೆಗರಿಗಳಲ್ಲಿ ಹನ್ನೆರಡನೆಯ ಶತಮಾನದ ವರ್ಣಚಿತ್ರಗಳಿವೆ ಎಂದು ಎಷ್ಟು ಸಲ ನಿಮಗೆ ಪಾಠ ಮಾಡಿದ್ದೆ! ಅಲ್ಲಿನ ಬಣ್ಣ ಆ ಕಾಲದವರೇ ಹಚ್ಚಿದ್ದು. ಆದ್ದರಿಂದ ಆ ಬಣ್ಣವೂ ಒಂದು ಆಧಾರ. ನಾನು ಹಚ್ಚಿದ ಕೆಂಪು ಯಾವುದಕ್ಕೆ ಆಧಾರ? ಒಬ್ಬ ಮುದುಕನ ಆಸೆಗೆ ಮಾತ್ರ.

ಛಾಯೆ ಕೊಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಹಳೆಯ ವರ್ಣಚಿತ್ರಗಳಲ್ಲಿ ಬಣ್ಣದ್ರವ್ಯಗಳು ಒಂದೇ ವೇಗದಲ್ಲಿ ಮಾಸುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳ ಮದುವೆಯ ಚಿತ್ರಗಳು ಕೆಂಪಡರಿವೆ. ಅವುಗಳ ಬಣ್ಣವನ್ನು ಸರಿದೂಗಿಸುವುದು ಇದ್ದುದರ ಕಡೆಗೆ ಮರಳುವ ಪ್ರಯತ್ನ. ಊರಿನ ಗದ್ದೆಯ ಚಿತ್ರಕ್ಕೆ ಸಂಜೆಯ ಹೊನ್ನು ಬೆರೆಸುವುದು ಕಲೆ. ಆದರೆ ಬಣ್ಣವೇ ಇಲ್ಲದ ದಾಖಲೆಗೆ ಬಣ್ಣ ಹಚ್ಚಿ, ಹಚ್ಚಿದ್ದೇನೆ ಎಂದು ಹೇಳದೆ ಹಂಚುವುದು ಬೇರೆ. ಸಿನಿಮಾ ನೋಡುವವರಿಗೆ ಅದು ವರ್ಣಾವೃತ್ತಿ ಎಂದು ತಿಳಿದಿರುತ್ತದೆ. ನಮ್ಮ ಮನೆಯ ಮಕ್ಕಳಿಗೆ ನಾನು ಏನನ್ನೂ ತಿಳಿಸಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಮೂರು ವಿನಂತಿ. ಸ್ಕ್ಯಾನ್ ಮಾಡಿದ ಮೂಲ ಕಡತವನ್ನು ಮುಟ್ಟದೆ ಪ್ರತ್ಯೇಕವಾಗಿ ಇರಿಸಿ. ಪ್ರಯೋಗವೆಲ್ಲ ಪ್ರತಿಯ ಮೇಲೆ ನಡೆಯಲಿ. ಮಾಡಿದ ಬದಲಾವಣೆಯನ್ನು ಕಡತದ ಹೆಸರಿನಲ್ಲಿಯೋ ಚಿತ್ರದ ಹಿಂಬದಿಯಲ್ಲಿಯೋ ಬರೆಯಿರಿ. ಎಲ್ಲಕ್ಕಿಂತ ಮೊದಲು, ಆ ಕಾಲವನ್ನು ಕಂಡವರು ಮನೆಯಲ್ಲಿ ಇರುವಾಗಲೇ ಅವರನ್ನು ಕೇಳಿ.

ಈಗ ಬೆಳ್ತಂಗಡಿಯ ಚಾವಡಿಯಲ್ಲಿ ಛಾಯೆಯಿಲ್ಲದ, ಕಲೆ ಮಾತ್ರ ತೆಗೆದ ಕಪ್ಪು-ಬಿಳುಪು ಪಟವಿದೆ. ಅದರ ಹಿಂದೆ ನನ್ನ ಕೈಬರಹದಲ್ಲಿ ಹೀಗಿದೆ: "ಬಂಟ್ವಾಳ, 1964. ಸೀರೆ ಹಸಿರು ಎಂದು ಮಗಳು, ಕನಕಾಂಬರ ಎಂದು ತಂಗಿ." ಅಕ್ಕ ಅದನ್ನು ಓದಿ, "ಚಿಕ್ಕಮ್ಮನಿಗೆ ಮರೆತುಹೋಗಿದೆ" ಎಂದಳು. ಚಿಕ್ಕಮ್ಮನಿಗೆ ಫೋನಿನಲ್ಲಿ ತಿಳಿಸಿದಾಗ ಅವರೂ ಅಕ್ಕನ ಬಗ್ಗೆ ಅದೇ ಮಾತು ಹೇಳಿದರು. ನಾನು ಎರಡನ್ನೂ ಹಾಗೆಯೇ ಉಳಿಸಿದ್ದೇನೆ.