ಧನುಷ್ಕೋಡಿ ರೈಲು ನಿಲ್ದಾಣ: ಸಂಕ್ಷಿಪ್ತ ಇತಿಹಾಸ

ತಮಿಳುನಾಡಿನ ರಾಮೇಶ್ವರಕ್ಕೆ ಯಾತ್ರೆ ಕೈಗೊಳ್ಳುವ ರಾಜ್ಯದ ಯಾತ್ರಾರ್ಥಿಗಳಲ್ಲಿ ಅನೇಕರು ಧನುಷ್ಕೋಡಿಗೂ ಭೇಟಿ ನೀಡುತ್ತಾರೆ. ಅಲ್ಲಿ ಪಾಳುಬಿದ್ದಿರುವ ರೈಲು ನಿಲ್ದಾಣದ ಕುರಿತ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಇಲ್ಲಿ ನೀಡಲಾಗಿದೆ.

ಪ್ರಮುಖ ವಿವರಗಳು
• ಸ್ಥಳ: ಪಾಂಬನ್ ದ್ವೀಪದ ಆಗ್ನೇಯ ತುದಿ, ರಾಮನಾಥಪುರಂ ಜಿಲ್ಲೆ, ತಮಿಳುನಾಡು
• ಮಾರ್ಗ: ಪಾಂಬನ್–ಧನುಷ್ಕೋಡಿ (ಮೀಟರ್ ಗೇಜ್)
• ಹಡಗು ಸಂಪರ್ಕ ಆರಂಭ: 1914
• ಸಂಚಾರ ಸ್ಥಗಿತ: ಡಿಸೆಂಬರ್ 1964

ಹಿನ್ನೆಲೆ
ಮದರಾಸಿನಿಂದ ಸಿಲೋನಿಗೆ ತೆರಳುವ ಪ್ರಯಾಣಿಕರು ಮೊದಲು ತೂತ್ತುಕುಡಿಯವರೆಗೆ ರೈಲಿನಲ್ಲಿಯೂ ಅಲ್ಲಿಂದ ಕೊಲಂಬೊಗೆ ಹಡಗಿನಲ್ಲಿಯೂ ಪ್ರಯಾಣಿಸುತ್ತಿದ್ದರು. 1914ರ ಫೆಬ್ರವರಿ 24ರಂದು ಪಾಂಬನ್ ಸೇತುವೆ ಸಂಚಾರಕ್ಕೆ ತೆರೆದ ನಂತರ ಈ ವ್ಯವಸ್ಥೆ ಬದಲಾಯಿತು. ಸುಮಾರು ಎರಡು ಕಿ.ಮೀ. ಉದ್ದದ ಸದರಿ ಸೇತುವೆಯ ಮೂಲಕ ದಕ್ಷಿಣ ಭಾರತ ರೈಲ್ವೆಯ ಗಾಡಿಗಳು ದ್ವೀಪವನ್ನು ತಲುಪತೊಡಗಿದವು.

ಪಾಂಬನ್‌ನಲ್ಲಿ ಮಾರ್ಗವು ಕವಲೊಡೆದು, ಒಂದು ಕವಲು ರಾಮೇಶ್ವರಕ್ಕೂ ಇನ್ನೊಂದು ಧನುಷ್ಕೋಡಿಗೂ ಸಾಗುತ್ತಿತ್ತು. ರಾಮೇಶ್ವರದ ಕವಲು ಯಾತ್ರಾರ್ಥಿಗಳಿಗೆ ಉಪಯುಕ್ತವಾಗಿದ್ದರೆ, ಧನುಷ್ಕೋಡಿಯ ಕವಲಿಗೆ ಹಡಗು ಸಂಪರ್ಕವೇ ಆಧಾರವಾಗಿತ್ತು. ‘ಬೋಟ್ ಮೇಲ್’ ಗಾಡಿಯಲ್ಲಿ ಬಂದವರು ಇಲ್ಲಿನ ಧಕ್ಕೆಯಲ್ಲಿ ಹಡಗು ಹತ್ತಿ, ತಲೈಮನ್ನಾರಿನಲ್ಲಿ ಇಳಿದು, ಪುನಃ ರೈಲಿನಲ್ಲಿ ಕೊಲಂಬೊ ಸೇರುತ್ತಿದ್ದರು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಪಡೆಯುವ ಅವಕಾಶವಿತ್ತು. ಎರಡು ಕಡಲುಗಳ ನಡುವಿನ ಕಿರಿದಾದ ಮರಳು ಭೂಮಿಯಲ್ಲಿ ನಿಲ್ದಾಣದ ಸುತ್ತ ಸುಂಕದ ಕಚೇರಿ, ಅಂಚೆ ಕಚೇರಿ, ಶಾಲೆ, ದೇವಾಲಯ ಹಾಗೂ ಚರ್ಚುಗಳುಳ್ಳ ಊರು ಬೆಳೆಯಿತು.

1964ರ ಚಂಡಮಾರುತ
1964ರ ಡಿಸೆಂಬರ್ 22ರ ರಾತ್ರಿ ಭೀಕರ ಚಂಡಮಾರುತವು ಪಾಂಬನ್ ದ್ವೀಪವನ್ನು ಅಪ್ಪಳಿಸಿತು. ಅದೇ ರಾತ್ರಿ ಪಾಂಬನ್‌ನಿಂದ ಹೊರಟ 653ನೇ ಸಂಖ್ಯೆಯ ಪ್ಯಾಸೆಂಜರ್ ಗಾಡಿಯು ಧನುಷ್ಕೋಡಿಯನ್ನು ಸಮೀಪಿಸುತ್ತಿದ್ದಾಗ ಬೃಹತ್ ಅಲೆಗಳಿಗೆ ಸಿಲುಕಿತು. ಗಾಡಿಯಲ್ಲಿದ್ದ ನೂರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದರು. ನಿಲ್ದಾಣ, ಧಕ್ಕೆ ಮತ್ತು ಊರು ನಾಶವಾದವು. ಆ ಬಳಿಕ ಮದರಾಸು ಸರ್ಕಾರವು ಈ ಸ್ಥಳವನ್ನು ವಾಸಕ್ಕೆ ಯೋಗ್ಯವಲ್ಲವೆಂದು ಘೋಷಿಸಿತು.

ಪಾಂಬನ್ ಸೇತುವೆಯ ಬಹುಪಾಲು ತೊಲೆಗಳೂ ಕೊಚ್ಚಿಹೋದವು. ದುರಸ್ತಿಯ ಹೊಣೆಯನ್ನು ಯುವ ಎಂಜಿನಿಯರ್ ಇ. ಶ್ರೀಧರನ್ ಅವರಿಗೆ ವಹಿಸಲಾಯಿತು. ಸಮುದ್ರದಲ್ಲಿ ಬಿದ್ದಿದ್ದ ತೊಲೆಗಳನ್ನೇ ಮೇಲೆತ್ತಿ ಬಳಸಿಕೊಂಡು 46 ದಿನಗಳಲ್ಲಿ ಸೇತುವೆಯನ್ನು ಪುನಃ ಸ್ಥಾಪಿಸಲಾಯಿತು. ಮುಂದೆ ಕರ್ನಾಟಕದ ಕರಾವಳಿಯ ಮೂಲಕ ಹಾದುಹೋಗುವ ಕೊಂಕಣ ರೈಲು ಮಾರ್ಗದ ನಿರ್ಮಾಣವೂ ಇವರದೇ ನೇತೃತ್ವದಲ್ಲಿ ನಡೆಯಿತು.

ಮಾರ್ಗ ಮರಳಿ ಬಾರದಿರುವುದು
ಸೇತುವೆ ದುರಸ್ತಿಯಾಗಿ ರಾಮೇಶ್ವರಕ್ಕೆ ರೈಲು ಮರಳಿತಾದರೂ ಧನುಷ್ಕೋಡಿಯ ಕವಲನ್ನು ಮತ್ತೆ ನಿರ್ಮಿಸಲಿಲ್ಲ. ಹಡಗು ಸೇವೆಯನ್ನು ರಾಮೇಶ್ವರಕ್ಕೆ ಸ್ಥಳಾಂತರಿಸಲಾಯಿತು. ಹೀಗೆ ಊರೂ ಹಡಗೂ ಇಲ್ಲದೆ ಈ ಕವಲಿನ ಉದ್ದೇಶವೇ ಇಲ್ಲವಾಯಿತು. ಶ್ರೀಲಂಕಾದ ಅಂತರ್ಯುದ್ಧದಿಂದಾಗಿ ರಾಮೇಶ್ವರದ ಹಡಗು ಸೇವೆಯೂ 1980ರ ದಶಕದಲ್ಲಿ ನಿಂತಿತು. ಆ ಯುದ್ಧದಲ್ಲಿ ಹಾಳಾಗಿದ್ದ ತಲೈಮನ್ನಾರಿನ ರೈಲು ಮಾರ್ಗವನ್ನು ಪುನರ್ನಿರ್ಮಿಸಿ 2015ರಲ್ಲಿ ಸಂಚಾರಕ್ಕೆ ತೆರೆಯಲಾಯಿತು. ರಾಮೇಶ್ವರ–ಧನುಷ್ಕೋಡಿ ನಡುವೆ ಹೊಸ ಮಾರ್ಗಕ್ಕೆ 2019ರ ಮಾರ್ಚ್ 1ರಂದು ಶಂಕುಸ್ಥಾಪನೆ ನೆರವೇರಿತಾದರೂ ಧನುಷ್ಕೋಡಿಗೆ ರೈಲು ಬಂದಿಲ್ಲ. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಹೊಸ ಪಾಂಬನ್ ಸೇತುವೆಯ ಮೇಲಿನ ಗಾಡಿಗಳು ರಾಮೇಶ್ವರದಲ್ಲಿಯೇ ಕೊನೆಗೊಳ್ಳುತ್ತವೆ.

ಭೇಟಿ ನೀಡುವವರ ಗಮನಕ್ಕೆ
• ಸಮೀಪದ ರೈಲು ನಿಲ್ದಾಣ ರಾಮೇಶ್ವರ. ಅಲ್ಲಿಂದ ಸುಮಾರು 20 ಕಿ.ಮೀ. ರಸ್ತೆ ಪ್ರಯಾಣ. ಧನುಷ್ಕೋಡಿಯಿಂದ ಭೂಶಿರದ ತುದಿಯಾದ ಅರಿಚಲ್‌ಮುನೈವರೆಗೆ 2017ರಿಂದ ರಸ್ತೆ ಸಂಪರ್ಕವಿದೆ.
• ನಿಲ್ದಾಣದ ಗೋಡೆಗಳು ಹಾಗೂ ಚರ್ಚಿನ ಅವಶೇಷಗಳು ಶಿಥಿಲವಾಗಿರುವುದರಿಂದ ಅವುಗಳನ್ನು ಹತ್ತುವುದಾಗಲಿ, ಕಲ್ಲುಗಳನ್ನು ಕೀಳುವುದಾಗಲಿ ಮಾಡಬಾರದು.
• ಸಮುದ್ರದ ಸೆಳೆತ ಹೆಚ್ಚಿರುವುದರಿಂದ ನೀರಿಗಿಳಿಯದಿರುವುದು ಕ್ಷೇಮ. ಸೂರ್ಯಾಸ್ತಕ್ಕೆ ಮುನ್ನ ಹಿಂದಿರುಗತಕ್ಕದ್ದು.
• ಈ ಸ್ಥಳವು ಅನೇಕರು ಪ್ರಾಣ ಕಳೆದುಕೊಂಡ ನೆಲವಾಗಿದ್ದು, ಮೀನುಗಾರ ಕುಟುಂಬಗಳು ಇಂದಿಗೂ ಇಲ್ಲಿ ಜೀವನ ಸಾಗಿಸುತ್ತಿವೆ. ಸಂದರ್ಶಕರು ಸ್ಥಳದ ಘನತೆಯನ್ನು ಕಾಪಾಡಲು ಕೋರಲಾಗಿದೆ.